ಗೋಪಿನಾಥ ಅಂಕಲ್ ಮತ್ತು ಹನ್ನೆರಡು ಮೈಲಿ

ಈ ಭಾನುವಾರ ಬೆಳಿಗ್ಗೆ ಕಾರಿನ ಹೊಗೆ ತಪಾಸಣೆಗೆ ಬೇಕಾದ ಕಾಗದ ಹುಡುಕುತ್ತ ಗ್ಲವ್ ಬಾಕ್ಸಿಗೆ ಕೈ ಹಾಕಿದೆ. ಕಾಗದ ಸಿಗಲಿಲ್ಲ. ಹಳೆಯ ಬಿಲ್ಲುಗಳ ಅಡಿಯಲ್ಲಿ ಅಂಗೈಯಗಲದ ಒಂದು ಕನ್ನಡಿ ಸಿಕ್ಕಿತು. ಅದರ ಬೆನ್ನಿಗೊಂದು ರಬ್ಬರ್ ಬಿಲ್ಲೆ ಇದೆ. ಗಾಜಿಗೆ ಒತ್ತಿದರೆ ಅಂಟಿಕೊಳ್ಳುತ್ತದೆ. ಡ್ರೈವಿಂಗ್ ಕಲಿಸುವ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕುಳಿತು ಹಿಂದಿನ ರಸ್ತೆ ನೋಡಲು ಇಟ್ಟುಕೊಳ್ಳುವ ಕನ್ನಡಿ ಅದು. ಇಪ್ಪತ್ತೆರಡು ವರ್ಷದಿಂದ ಈ ಸ್ಯಾನ್ ಡಿಯಾಗೋದ ರಸ್ತೆಗಳಲ್ಲಿ ಕಾರು ಓಡಿಸುತ್ತಿರುವ ನನ್ನ ಕಾರಿಗೆ, ನನ್ನನ್ನು ಒಂದು ಮಾತೂ ಕೇಳದೆ, ಇದನ್ನು ಅಂಟಿಸಿದವರು ಗೋಪಿನಾಥ ಅಂಕಲ್. ಕನ್ನಡಿಯನ್ನು ಕೈಯಲ್ಲಿ ಹಿಡಿದು ಗ್ಯಾರೇಜಿನಲ್ಲೇ ಕುಳಿತೆ. ಸಿಟ್ಟು ಆರಿದೆ ಎಂದುಕೊಂಡಿದ್ದೆ, ಆರಿರಲಿಲ್ಲ. ಯಾರ ಹತ್ತಿರವಾದರೂ ಹೇಳಿಕೊಳ್ಳದೆ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ, ನೀವೇ ಕೇಳಿಸಿಕೊಳ್ಳಿ.

ಅಂಕಲ್ ತುಮಕೂರಿನವರು. ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಮೂವತ್ತೆರಡು ವರ್ಷ ಡ್ರೈವಿಂಗ್ ಕಲಿಸಿದವರು. ಅವರ ಮಗಳು ಮಾಧವಿ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ನಮ್ಮ ಎದುರು ಮನೆಯವಳು. ಲಾಸ್ ಏಂಜಲೀಸ್ ಮಗ್ಗುಲಿನ ಕಲ್ವರ್ ಸಿಟಿಯ ಒಂದು ಸ್ಟುಡಿಯೋದಲ್ಲಿ ಆನಿಮೇಷನ್ ಕೆಲಸ ಮಾಡುತ್ತಾಳೆ. ಸೋಮವಾರ ಬೆಳಕು ಹರಿಯುವ ಮೊದಲೇ ಲಾಸ್ ಏಂಜಲೀಸಿಗೆ ಹೊರಟರೆ ಅಲ್ಲೇ ಒಂದು ರೂಮಿನಲ್ಲಿದ್ದು ಶುಕ್ರವಾರ ರಾತ್ರಿ ಮನೆಗೆ ಬರುತ್ತಾಳೆ. ಎರಡೂ ಊರಿನ ನಡುವಿನ ಫ್ರೀವೇ ಹೆದ್ದಾರಿಯ ಟ್ರಾಫಿಕ್ ನೋಡಿದವರು ಯಾರೂ ಅವಳನ್ನು ದಿನಾ ಏಕೆ ಓಡಾಡುವುದಿಲ್ಲ ಎಂದು ಕೇಳುವುದಿಲ್ಲ. ಕೊರೋನಾದ ಮೊದಲ ಭರಾಟೆ ಇಳಿದ ಮೇಲೆ, ಅಮ್ಮನ ಮರೆವು ಹೆಚ್ಚುತ್ತಿದೆ ಎಂದು ಅವಳು ಅಪ್ಪ ಅಮ್ಮ ಇಬ್ಬರನ್ನೂ ಇಲ್ಲಿಗೇ ಕರೆಸಿಕೊಂಡಳು.

ಅಂಕಲ್ ಬಂದರೂ ಅವರ ಶಿಷ್ಯಕೋಟಿ ಅವರನ್ನು ಬಿಟ್ಟಿರಲಿಲ್ಲ. ಲೆಸ್ಟರಿನಲ್ಲಿ ಅವರ ಕೈಯಲ್ಲಿ ಕಲಿತವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಬೆಳಗಾದರೆ ಅಲ್ಲಿಂದ ಪ್ರಶ್ನೆಗಳ ಸುರಿಮಳೆ. ರೌಂಡಬೌಟಿನಲ್ಲಿ ಮೂರನೇ ದಾರಿ ಹಿಡಿಯುವವನು ಯಾವ ಲೇನಿನಲ್ಲಿರಬೇಕು? ಸಿಗ್ನಲ್ಲಿನಲ್ಲಿ ನಿಂತಾಗ ಸೇಬು ತಿಂದರೆ ತಪ್ಪೇ? ಹೊಂಡಕ್ಕೆ ಬಿದ್ದು ಟೈರ್ ಒಡೆದರೆ ಪುರಸಭೆಯವರಿಗೆ ಹೇಗೆ ಬರೆಯಬೇಕು? ನಾಲ್ಕು ತಿಂಗಳಿಂದ ರಸ್ತೆಯಲ್ಲಿ ಕಿತ್ತಳೆ ಬಣ್ಣದ ಕೋನು ಇಟ್ಟಿದ್ದಾರೆ, ಒಬ್ಬ ಕೆಲಸದವನೂ ಕಂಡಿಲ್ಲ, ಯಾರನ್ನು ಬೈಯಬೇಕು? ಅಂಕಲ್ ಕನ್ನಡಕ ಏರಿಸಿ, ಉಪ್ಪಿಟ್ಟು ಆರುತ್ತಿದ್ದರೂ ಲೆಕ್ಕಿಸದೆ, ಒಂದೊಂದಕ್ಕೂ ಒಂದೊಂದು ಬೆರಳಿನಲ್ಲಿ ಉತ್ತರ ಟೈಪ್ ಮಾಡುತ್ತಿದ್ದರು. ಅರ್ಧ ಲೆಸ್ಟರಿಗೆ ದಾರಿ ಹೇಳುತ್ತಿದ್ದ ಈ ಮನುಷ್ಯನಿಗೆ ಇಲ್ಲಿ ಬೀದಿ ಕೊನೆಯವರೆಗೆ ಕಾರು ಓಡಿಸಲು ಲೈಸೆನ್ಸ್ ಇರಲಿಲ್ಲ. ಇಂಗ್ಲೆಂಡಿನ ಲೈಸೆನ್ಸ್ ಇಲ್ಲಿ ನಡೆಯದಂತೆ. ಹದಿನಾರರ ಮಕ್ಕಳ ಜೊತೆ ಸಾಲಿನಲ್ಲಿ ನಿಂತು ಮೊದಲಿಂದ ಪರೀಕ್ಷೆ ಕೊಡಬೇಕಂತೆ.

ಬಂದ ವರ್ಷವೇ ಕಮಲಾಕ್ಷಿ ಆಂಟಿಯ ಮರೆವು ಮನೆಯಲ್ಲಿ ನೋಡಿಕೊಳ್ಳಲಾಗದಷ್ಟು ಹೆಚ್ಚಿತು. ಎರಡು ಸಲ ಬಾಗಿಲು ತೆಗೆದುಕೊಂಡು ಹೋಗಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಎಸ್ಕಾಂಡಿಡೊದಲ್ಲಿ ಆರೇ ಜನರನ್ನು ಇಟ್ಟುಕೊಳ್ಳುವ ಒಂದು ಆರೈಕೆಯ ಮನೆ ಸಿಕ್ಕಿತು. ಮಾಧವಿ ಅಲ್ಲಿಗೆ ಸೇರಿಸಿದಳು. ಒಳ್ಳೆಯ ಮನೆಯೇ. ಆದರೆ ಆಂಟಿ ಬೇರೆ ಯಾರ ಕೈಯಿಂದಲೂ ಉಣ್ಣಲೊಲ್ಲರು. ಚಮಚ ಹತ್ತಿರ ತಂದರೆ ಬಾಯಿ ಬಿಗಿದು ಮುಖ ತಿರುಗಿಸುವರು. ಅಂಕಲ್ ಪಕ್ಕದಲ್ಲಿ ಕುಳಿತು "ಕಮಲೂ, ಒಂದು ತುತ್ತು" ಎಂದು ಸಾರನ್ನ ಹಿಡಿದರೆ ಮಾತ್ರ ಬಾಯಿ ತೆರೆಯುವರು. ಗಂಡನ ಹೆಸರು ಮರೆತಿತ್ತು, ಕೈ ಮರೆತಿರಲಿಲ್ಲ. ದಿನಾ ಮಧ್ಯಾಹ್ನ ಅವರು ಹೋದರೆ ಆಂಟಿಗೆ ಒಂದು ಹೊತ್ತಿನ ಊಟ, ಹೋಗದಿದ್ದರೆ ಉಪವಾಸ. ಮನೆಯಿಂದ ಅಲ್ಲಿಗೆ ಹನ್ನೆರಡು ಮೈಲಿ.

ಹನ್ನೆರಡು ಮೈಲಿ ಯಾವ ಲೆಕ್ಕ ಎನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಬಡಾವಣೆಯಲ್ಲಿ ಈಜುಕೊಳವಿದೆ, ನಾಯಿಗಳು ಆಡಲು ಬೇಲಿ ಹಾಕಿದ ಪಾರ್ಕಿದೆ, ಬಸ್ಸಿಲ್ಲ. ಹತ್ತಿರದ ಬಸ್ ಸ್ಟಾಪು ಫ್ರೀವೇ ಆಚೆಗಿದೆ, ನಡೆದರೆ ಗಂಟೆಯ ದಾರಿ, ಅರ್ಧ ದಾರಿಗೆ ಫುಟ್‌ಪಾತೇ ಇಲ್ಲ. ಫೋನಿನಲ್ಲಿ ಕರೆಸುವ ಟ್ಯಾಕ್ಸಿ ಮಾಡಿ ನೋಡಿದರು. ದಿನಾ ಹೋಗಿ ಬರಲು ಕೈಗೆ ಎಟುಕುವಂಥದ್ದಲ್ಲ, ಜೊತೆಗೆ ಊಟದ ಹೊತ್ತಿಗೆ ಸರಿಯಾಗಿ ಕ್ಯಾನ್ಸಲ್ ಮಾಡುವ ಪುಣ್ಯಾತ್ಮರು ಬೇರೆ. ವಯಸ್ಸಾದವರಿಗೆಂದೇ ಒಂದು ವ್ಯಾನ್ ಇದೆ ಎಂದು ಯಾರೋ ಹೇಳಿದರು. ನಾನೇ ಫೋನ್ ಮಾಡಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬಳು ಸಿಕ್ಕಿ, ವ್ಯಾನು ಬಸ್ ರೂಟಿನ ಹತ್ತಿರ ಇರುವ ಮನೆಗಳಿಗೆ ಮಾತ್ರ ಬರುತ್ತದೆ ಎಂದಳು. ನಮ್ಮಲ್ಲಿ ಬಸ್ಸೇ ಇಲ್ಲವಲ್ಲ ತಾಯಿ, ಅದಕ್ಕೇ ತಾನೇ ವ್ಯಾನ್ ಕೇಳುತ್ತಿರುವುದು ಎಂದೆ. ಹೌದು, ಬಸ್ಸಿಲ್ಲದ ಕಡೆ ವ್ಯಾನೂ ಇಲ್ಲ ಎಂದಳು, ಸ್ವಲ್ಪವೂ ನಗದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಪೂಜಾರಿಯೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ, "ನಾನು ಕರೆದುಕೊಂಡು ಹೋಗ್ತೀನಿ ಅಂಕಲ್, ಹೇಗೂ ಮನೆಯಿಂದಲೇ ಕೆಲಸ" ಎಂದುಬಿಟ್ಟೆ. ಆಗ ನಮ್ಮ ಆಫೀಸಿನವರೆಲ್ಲ ಮನೆಯಲ್ಲೇ ಇದ್ದರು. ಮಧ್ಯಾಹ್ನ ಹನ್ನೊಂದೂವರೆಗೆ ಮೀಟಿಂಗುಗಳಿಂದ ತಪ್ಪಿಸಿಕೊಂಡು ಹೊರಡುವುದು, ಅವರು ಉಣ್ಣಿಸುವವರೆಗೆ ಹೊರಗೆ ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಕೆಲಸ ಮಾಡುವುದು.

ಮೊದಲ ದಿನವೇ ನನ್ನ ಅಹಂಕಾರ ಇಳಿಯಿತು. ನಮ್ಮ ಬೀದಿಯ ಕೊನೆಯ ಸ್ಟಾಪ್ ಬೋರ್ಡಿನಲ್ಲಿ ನಾನು ಎಂದಿನಂತೆ ಬ್ರೇಕನ್ನು ಮುಟ್ಟಿದಂತೆ ಮಾಡಿ ಮುಂದೆ ಹೋದೆ.

"ಈಗ ನಿಂತ್ಯೇನಮ್ಮ?" ಎಂದರು ಅಂಕಲ್.

"ನಿಂತೆನಲ್ಲ ಅಂಕಲ್."

"ನೀನು ನಿಂತಿದ್ದಲ್ಲ ಅದು. ಸ್ಟಾಪ್ ಬೋರ್ಡಿಗೆ ನಮಸ್ಕಾರ ಮಾಡಿದ್ದು."

ಮರುದಿನ ಕನ್ನಡಿ ಬಂತು. ಅಂದಿನಿಂದ ಹೋಗುವಾಗ ಒಂದು ಪಾಠ, ಬರುವಾಗ ಒಂದು ಪಾಠ. ಲೇನ್ ಬದಲಿಸುವಾಗ ಮೊದಲು ಕನ್ನಡಿ, ಆಮೇಲೆ ಸಿಗ್ನಲ್, ಆಮೇಲೆ ತಿರುಗುವುದು. ನಾನು ಉಲ್ಟಾ ಮಾಡುತ್ತೇನಂತೆ. ದಾರಿ ಬಿಟ್ಟವರಿಗೆ ಕೈಯೆತ್ತಿ ಥ್ಯಾಂಕ್ಸ್ ಹೇಳುವುದಿಲ್ಲವಂತೆ. ಹಾರ್ನ್ ಇರುವುದು ಅಪಾಯ ತಿಳಿಸಲು, ಅಭಿಪ್ರಾಯ ತಿಳಿಸಲು ಅಲ್ಲವಂತೆ. ಕೆಂಪು ದೀಪವಿದ್ದಾಗ ನಿಂತು ನೋಡಿ ಬಲಕ್ಕೆ ತಿರುಗಬಹುದು ಎನ್ನುವ ಇಲ್ಲಿನ ನಿಯಮವಂತೂ ಅವರಿಗೆ ಗಂಟಲಲ್ಲಿ ಇಳಿಯಲಿಲ್ಲ. "ಕೆಂಪು ಅಂದ್ರೆ ಕೆಂಪು ಕಣಮ್ಮ. ಅದರಲ್ಲಿ ಬಲಗಡೆಯ ಕೆಂಪು, ಎಡಗಡೆಯ ಕೆಂಪು ಅಂತ ಇರುತ್ತಾ?" ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಪರೋಪಕಾರ ಮಾಡಲು ಹೋಗಿ ದಿನಾ ಬೈಸಿಕೊಳ್ಳುವುದು ಯಾರಿಗೆ ಇಷ್ಟ?

ಅವರ ಪರೀಕ್ಷೆಯ ದಿನ ಬಂತು. ಬರೆಯುವ ಪರೀಕ್ಷೆಯಲ್ಲಿ ಒಂದೂ ತಪ್ಪಿಲ್ಲದೆ ಪಾಸಾಗಿದ್ದರು. ಕಾರಿನ ಪರೀಕ್ಷೆಗೆ ಇಸ್ತ್ರಿ ಮಾಡಿದ ಶರ್ಟು, ಟೈ, ಮೇಲೊಂದು ಕೋಟು. ಲೈಸೆನ್ಸ್ ಕಚೇರಿಯ ಕಂಬಿಯ ಹತ್ತಿರ ನಾನು ಕಾಯುತ್ತ ನಿಂತೆ. ಪಕ್ಕದಲ್ಲಿ ಹದಿಹರೆಯದ ಮಕ್ಕಳ ತಾಯಂದಿರು. ಕಾಲು ಗಂಟೆಯಲ್ಲಿ ಅಂಕಲ್ ವಾಪಸ್ ಬಂದರು. ಕಾರನ್ನು ಗೆರೆಯ ಮಧ್ಯಕ್ಕೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದರು. ಫೇಲಾಗಿದ್ದರು.

ಆಗಿದ್ದು ಇಷ್ಟೇ. ನಾಲ್ಕೂ ಕಡೆ ಸ್ಟಾಪ್ ಬೋರ್ಡಿರುವ ಒಂದು ಕೂಡುರಸ್ತೆ. ಅಂಥ ಕಡೆ ಯಾರು ಮೊದಲು ಬಂದರೋ ಅವರು ಮೊದಲು ಹೋಗಬೇಕು. ಅಂಕಲ್ ಮೊದಲು ಬಂದರು. ಎದುರಿಗೆ ಒಬ್ಬಳು ಹೆಂಗಸು ಬಂದಳು. ಹೆಂಗಸು ಮೊದಲು ಹೋಗಲಿ ಎಂದು ಕೈ ತೋರಿಸಿದರು. ಅವಳು ಹೋಗುವಷ್ಟರಲ್ಲಿ ಬಲಕ್ಕೆ ಒಬ್ಬ ಮುದುಕ, ಹಿರಿಯರು, ಹೋಗಲಿ. ಎಡಕ್ಕೆ ಹಿಂದಿನ ಸೀಟಿನಲ್ಲಿ ಮಗುವಿದ್ದ ಕಾರು, ಪಾಪ, ಮಗು. ಮದುವೆಮನೆಯಲ್ಲಿ ಹೆಣ್ಣಿನ ಕಡೆಯ ಹಿರಿಯರು ಪಂಕ್ತಿಗೆ ಜನರನ್ನು ಕೂರಿಸಿದಂತೆ ಅವರು ಅಲ್ಲಿ ನಿಂತು ಐದಾರು ಕಾರುಗಳನ್ನು ಕೈ ಮಾಡಿ ಕಳಿಸಿದರು. ಹಿಂದೆ ಹಾರ್ನುಗಳ ಮೇಳ. ಪರೀಕ್ಷಕಿ ಹಾಳೆಯಲ್ಲಿ ಬರೆದದ್ದು: ತನ್ನ ಸರದಿ ಬಂದರೂ ಹೋಗದೆ ಸಂಚಾರಕ್ಕೆ ಅಡ್ಡಿ.

"ಮೂವತ್ತೆರಡು ವರ್ಷ ಇದನ್ನೇ ಕಲಿಸ್ದೆ. ಸಂದೇಹ ಬಂದ್ರೆ ಇನ್ನೊಬ್ಬರಿಗೆ ದಾರಿ ಬಿಡು ಅಂತ" ಎಂದರು, ದಾರಿಯುದ್ದಕ್ಕೂ ಅದೊಂದೇ ಮಾತು.

ಎರಡನೇ ಸಲವೂ ಅದೇ ಕಥೆ. ರಸ್ತೆಯಂಚಿನಲ್ಲಿ ತಳ್ಳುಗಾಡಿಯಲ್ಲಿ ಮಗುವನ್ನಿಟ್ಟುಕೊಂಡು ಒಬ್ಬಳು ಫೋನ್ ನೋಡುತ್ತ ನಿಂತಿದ್ದಳಂತೆ. ದಾಟುವ ಪಟ್ಟೆ ಅಲ್ಲಿರಲಿಲ್ಲ, ಅವಳಿಗೆ ದಾಟುವ ಯೋಚನೆಯೂ ಇರಲಿಲ್ಲ. ಅಂಕಲ್ ಮಾತ್ರ ನಲವತ್ತು ಮೈಲಿ ವೇಗದ ರಸ್ತೆಯ ಮಧ್ಯೆ ಕಾರು ನಿಲ್ಲಿಸಿ ಅವಳಿಗೆ ಕೈ ತೋರಿಸಿದರು. ಅವಳು ಹೆದರಿ ತಳ್ಳುಗಾಡಿ ಹಿಂದಕ್ಕೆಳೆದುಕೊಂಡಳು. ಕಾರಣವಿಲ್ಲದೆ ನಿಲ್ಲಿಸಿದ್ದು ಎಂದು ಫೇಲ್. ಒಂದು ಅರ್ಜಿಗೆ ಮೂರೇ ಅವಕಾಶ, ಇನ್ನೊಂದು ಉಳಿದಿತ್ತು. ಮನೆಗೆ ಬರುವ ದಾರಿಯಲ್ಲಿ ನಮ್ಮ ಪಕ್ಕದ ಲೇನಿನಲ್ಲಿ ಒಬ್ಬ ಮಹಾನುಭಾವ ಸ್ಟೀರಿಂಗಿಗೆ ಮಂಡಿ ಕೊಟ್ಟು ಎರಡೂ ಕೈಯಲ್ಲಿ ಬರಿಟೊ ತಿನ್ನುತ್ತ ಎಂಬತ್ತರ ವೇಗದಲ್ಲಿ ಹೋಗುತ್ತಿದ್ದ. ಅವನ ಜೇಬಿನಲ್ಲಿ ಲೈಸೆನ್ಸ್ ಇತ್ತಲ್ಲ, ಆ ನ್ಯಾಯವನ್ನು ನನಗೆ ಯಾರಾದರೂ ಬಿಡಿಸಿ ಹೇಳಿ.

ಅಂಕಲ್‌ಗೆ ಬುದ್ಧಿ ಕಲಿಸುವ ಕೆಲಸ ಈಗ ನನ್ನ ಪಾಲಿಗೆ ಬಂತು. ಶನಿವಾರಗಳಲ್ಲಿ ಅವರನ್ನು ಊರೊಳಗಿನ ಕೂಡುರಸ್ತೆಗಳಿಗೆ ಕರೆದುಕೊಂಡು ಹೋಗಿ ಸ್ಟೀರಿಂಗ್ ಕೊಟ್ಟೆ.

"ನಿಮ್ಮ ಸರದಿ ಬಂತಾ? ಹೊರಡಿ. ಯಾರ ಮುಖಾನೂ ನೋಡ್ಬೇಡಿ ಅಂಕಲ್."

"ಆ ಯಪ್ಪ ನನಗಿಂತ ವಯಸ್ಸಾದೋರು ಕಣೆ."

"ಇರಲಿ. ಕೈ ಸ್ಟೀರಿಂಗ್ ಮೇಲಿಂದ ಎತ್ತಬೇಡಿ. ಆಂಟಿ ಊಟಕ್ಕೆ ಕಾಯ್ತಿದ್ದಾರೆ ಅಂದ್ಕೊಳ್ಳಿ."

ಆ ಕೊನೆಯ ಮಾತು ಕೆಲಸ ಮಾಡಿತು. ಒಂದು ತಿಂಗಳಲ್ಲಿ ಎಪ್ಪತ್ತಾರು ವರ್ಷದ ಒಬ್ಬ ಸಜ್ಜನನನ್ನು ನಾನು ಇನ್ನೊಬ್ಬರ ಮುಖ ನೋಡದವನನ್ನಾಗಿ ಮಾಡಿದೆ. ಮೂರನೇ ಸಲ ಪಾಸಾದರು. ಪರೀಕ್ಷಕಿ 'ಆತ್ಮವಿಶ್ವಾಸ ಚೆನ್ನಾಗಿದೆ' ಎಂದಳಂತೆ. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಅಲ್ಲಿಂದ ಹದಿನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಮಾಧವಿಯ ಹಳೆಯ ಕಾರಿನಲ್ಲಿ, ಪಕ್ಕದ ಸೀಟಿಗೆ ಸಾರನ್ನದ ಡಬ್ಬಿಗೂ ಬೆಲ್ಟ್ ಹಾಕಿ, ಹನ್ನೊಂದೂವರೆಗೆ ಹೊರಡುವರು. ಅಡುಗೆಮನೆ ಕಿಟಕಿಯಿಂದ ನೋಡಿ ನಾನು ಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಆಂಟಿಯ ಕೆನ್ನೆ ತುಂಬಿಕೊಂಡಿತು. ಆರೈಕೆ ಮನೆಯ ಮೇಲ್ವಿಚಾರಕಿ, ರೋಸಾ ಎಂಬ ಫಿಲಿಪೀನ್ಸಿನ ಹೆಂಗಸು, ಇವರ ತೂಕ ಏರಿದೆ ಎಂದು ನನಗೇ ಫೋನ್ ಮಾಡಿ ಹೇಳಿದ್ದಳು.

ಒಂದು ಸಂಜೆ ಅಂಕಲ್ ನಮ್ಮ ಮನೆಗೆ ಬಂದು ಮೇಜಿನ ಮೇಲೆ ಕಾರಿನ ಕೀ ಇಟ್ಟರು. ಕಾಫಿ ಬೇಡವೆಂದರು. ಅವರು ಕಾಫಿ ಬೇಡವೆಂದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಇವತ್ತು ಎಡಗಡೆ ಓಡಿಸ್ದೆ" ಎಂದರು.

ಅಂಗಡಿಯೊಂದರ ಪಾರ್ಕಿಂಗಿನಿಂದ ರಸ್ತೆಗೆ ಇಳಿಯುವಾಗ ಅವರಿಗೆ ಗೊತ್ತಿಲ್ಲದೆ ಇಲ್ಲಿನ ಬಲಬದಿ ಬಿಟ್ಟು ಇಂಗ್ಲೆಂಡಿನ ಎಡಬದಿಗೆ ಹೋಗಿದ್ದರು. ಎದುರಿಂದ ಬಂದ ಟ್ರಕ್ಕಿನವನು ಬ್ರೇಕ್ ಹಾಕಿದ. ಯಾರಿಗೂ ಏನೂ ಆಗಲಿಲ್ಲ.

"ಒಂದ್ಸಲ ಆಗಿದ್ದಕ್ಕೆ ಯಾಕಿಷ್ಟು ಅಂಕಲ್? ನಾಳೆಯಿಂದ ಹುಷಾರಾಗಿ ಹೋದ್ರಾಯ್ತು" ಎಂದೆ.

"ಒಂದ್ಸಲ ಅಲ್ಲಮ್ಮ, ಇದು ಮೂರನೇದು. ಮೊದಲೆರಡು ಸಲ ರಸ್ತೆ ಖಾಲಿ ಇತ್ತು ಅಂತ ನನಗೆ ನಾನೇ ಮಾರ್ಕ್ಸ್ ಕೊಟ್ಕೊಂಡೆ. ಇವತ್ತು ಆ ಟ್ರಕ್ಕಿನಲ್ಲಿ ಒಂದು ಹೆಣ್ಣುಮಗು ಕೂತಿತ್ತು. ನನ್ನ ಸ್ಟೂಡೆಂಟ್ ಆಗಿದ್ರೆ ಅಲ್ಲೇ ಇಳಿಸಿ ಬಸ್ಸಲ್ಲಿ ಮನೆಗೆ ಕಳಿಸ್ತಿದ್ದೆ."

ಬಸ್ಸಲ್ಲಿ! ಅವರನ್ನು ಎರಡು ಸಲ ಫೇಲ್ ಮಾಡಿದ ಕಚೇರಿಗೆ ಈ ವಿಷಯ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ. ಅವರಿಗೆ ಇನ್ನೂ ಮೂರು ವರ್ಷ ಓಡಿಸುವ ಹಕ್ಕಿತ್ತು. ಸೌಜನ್ಯಕ್ಕೆ ಫೇಲ್ ಮಾಡುವವರ ಊರಿನಲ್ಲಿ ಅಪಾಯಕ್ಕೆ ಫೇಲ್ ಮಾಡಲು ಅವರೊಬ್ಬರೇ ಇದ್ದರು, ಮಾಡಿದರು.

ಮುಂದಿನದು ನಾನು ತಲೆತಗ್ಗಿಸಿ ಹೇಳಬೇಕಾದ ಮಾತು. ಮೊದಲಿನಂತೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಅಷ್ಟರಲ್ಲಿ ನಮ್ಮ ಆಫೀಸಿನವರು ಎಲ್ಲರೂ ವಾಪಸ್ ಬನ್ನಿ ಎಂದು ಕರೆದಿದ್ದರು. ವಾರಕ್ಕೆ ಮೂರು ದಿನ ಹೇಗೋ ಮಾಡಿದೆ, ಆಮೇಲೆ ಎರಡು ದಿನ, ಆಮೇಲೆ ಶನಿವಾರ ಮಾತ್ರ. ಭಾನುವಾರ ಮಾಧವಿ. ಕನ್ನಡ ಸಂಘದ ಒಂದಿಬ್ಬರು ಕೆಲವು ವಾರ ಬಂದರು. ಅವರಿಗೂ ಅವರವರ ಪಾಡು. ನೆರವಾಗುತ್ತೇನೆಂದು ಎದೆ ತಟ್ಟಿಕೊಂಡವಳು ನಾನು, ಮೊದಲು ಕೈಬಿಟ್ಟವಳೂ ನಾನೇ. ಎರಡು ತಿಂಗಳಲ್ಲಿ ಆಂಟಿ ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋದರು.

ಆಗ ಅಂಕಲ್ ಆ ನಿರ್ಧಾರ ಮಾಡಿದರು. ಆರೈಕೆ ಮನೆಯಲ್ಲಿ ಆಂಟಿಯ ಪಕ್ಕದ ಕೋಣೆ ಖಾಲಿಯಾಗಿತ್ತು. ತಾನೂ ಅಲ್ಲಿಗೇ ಸೇರುತ್ತೇನೆ ಎಂದರು. ಮಾಧವಿ ಅತ್ತಳು. "ಡ್ಯಾಡ್, ಯು ಆರ್ ನಾಟ್ ಸಿಕ್! ನಥಿಂಗ್ ಈಸ್ ರಾಂಗ್ ವಿತ್ ಯು!" ಎಂದಳು.

"ಗೊತ್ತು ಪುಟ್ಟ. ಅಮ್ಮ ಊಟ ಮಾಡ್ಬೇಕಲ್ಲ" ಎಂದರು ಅಂಕಲ್.

ಕಳಿಸಿಕೊಡಲು ಹೋದವಳು ನಾನೇ. ದಾರಿಯಲ್ಲಿ ಒಂದು ಲೇನ್ ಬದಲಿಸುವಾಗ ಸಿಗ್ನಲ್ ಹಾಕುವುದನ್ನೇ ಮರೆತೆ. ಬೈಗುಳಕ್ಕೆ ಕಾದೆ, ಬರಲಿಲ್ಲ. ಅಲ್ಲಿ ರೋಸಾ ಒಂದು ಫಾರಂ ಕೊಟ್ಟಳು. ಸೇರಲು ಕಾರಣ ಎಂಬ ಜಾಗದಲ್ಲಿ ಅಂಕಲ್ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಬಸ್ ಇಲ್ಲ' ಎಂದು ಬರೆದರು. ರೋಸಾ ತಮಾಷೆಯೆಂದುಕೊಂಡು ನಕ್ಕಳು. ಅವರು ನಗದಿದ್ದದ್ದನ್ನು ಕಂಡು, ಇದನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ, ಪಟ್ಟಿಯಲ್ಲಿರುವುದನ್ನೇ ಆರಿಸಬೇಕು ಎಂದಳು ಮೆತ್ತಗೆ. ಮರೆವು, ಬೀಳುವುದು, ದಾರಿ ತಪ್ಪಿ ಅಲೆಯುವುದು, ಸ್ನಾನಕ್ಕೆ ನೆರವು ಬೇಕಾಗಿರುವುದು. ತಲೆ ನೆಟ್ಟಗಿದ್ದು ಗಟ್ಟಿಮುಟ್ಟಾಗಿರುವ ಒಬ್ಬ ಮನುಷ್ಯ ಬರೀ ಹನ್ನೆರಡು ಮೈಲಿ ದಾಟಲಾಗದೆ ಮರೆವಿನವರ ಮನೆ ಸೇರಬೇಕಾದೀತು ಎಂದು ಪಟ್ಟಿ ಮಾಡಿದವರಿಗೆ ಹೊಳೆದಿರಲಿಲ್ಲ. ನಾನು ಹೊರಗೆ ಬಂದು ಕಾರಿನಲ್ಲಿ ಕುಳಿತು ಅತ್ತೆ. ಅದು ದುಃಖವಲ್ಲ, ಶುದ್ಧ ಕೋಪ.

ಈಗ ಆಂಟಿ ಎರಡು ಹೊತ್ತು ಉಣ್ಣುತ್ತಾರೆ. ಉಳಿದ ನಾಲ್ವರೂ ಅಂಕಲ್ ಹತ್ತಿರವೇ ಕೂರುತ್ತಾರಂತೆ. ಲೆಸ್ಟರಿನವರ ಪ್ರಶ್ನೆಗಳು ಅಲ್ಲಿಗೂ ಬರುತ್ತವೆ.

ಇಷ್ಟನ್ನು ಭಾನುವಾರ ಬರೆದಿಟ್ಟೆ. ಬರೆಯುತ್ತ ಬರೆಯುತ್ತ ಸಿಟ್ಟು ಹೆಚ್ಚಾಗಿ, ಮಂಗಳವಾರ ಬಸ್ ರೂಟುಗಳ ಬಗ್ಗೆ ಸಾರ್ವಜನಿಕರ ಸಭೆಯಿದೆ ಎಂದು ಗೊತ್ತಿದ್ದರಿಂದ ಮಾತಾಡುವವರ ಪಟ್ಟಿಗೆ ಹೆಸರು ಕೊಟ್ಟೆ. ಒಬ್ಬೊಬ್ಬರಿಗೆ ಎರಡು ನಿಮಿಷ. ಏನು ಹೇಳಲಿ ಎಂದು ಅಂಕಲ್‌ಗೆ ಫೋನ್ ಮಾಡಿದೆ. "ಬೈಬೇಡಮ್ಮ. ಕಾರಿಲ್ಲದೆ ಹೋಗಿ ಬಾ, ಹೇಳೋಕೆ ಏನಾದ್ರೂ ಸಿಗುತ್ತೆ" ಎಂದರು.

ಐದು ಗಂಟೆಯ ಸಭೆ. ಎರಡೂವರೆಗೇ ಮನೆ ಬಿಟ್ಟೆ. ಈ ಊರಿನಲ್ಲಿ ಇಪ್ಪತ್ತೆರಡು ವರ್ಷ ಇದ್ದೂ ಫ್ರೀವೇ ಮೇಲಿನ ಸೇತುವೆಯನ್ನು ನಾನು ಕಾಲ್ನಡಿಗೆಯಲ್ಲಿ ದಾಟಿದ್ದು ಅದೇ ಮೊದಲು. ಪಕ್ಕದಲ್ಲಿ ಕಾರುಗಳು ಹಾದಾಗೆಲ್ಲ ಸೀರೆಯ ಸೆರಗು ಹಾರಿ ಮುಖಕ್ಕೆ ಬಡಿಯುತ್ತಿತ್ತು. ಒಬ್ಬಾತ ಕಿಟಕಿ ಇಳಿಸಿ, ಕಾರು ಕೆಟ್ಟಿದೆಯೇ ಎಂದು ಕೇಳಿದ. ಮೊದಲ ಬಸ್ಸು ಕಣ್ಣೆದುರೇ ಹೋಯಿತು, ಎರಡನೆಯದಕ್ಕೆ ಕಾದೆ, ಇಳಿದು ಇನ್ನೊಂದು ಹತ್ತಿದೆ. ಸಭೆಯ ಬಾಗಿಲಿಗೆ ಮುಟ್ಟಿದಾಗ ಆರೂ ಕಾಲು. ಒಳಗೆ ಬೇರೆ ಯಾವುದೋ ವಿಷಯ ನಡೆಯುತ್ತಿತ್ತು. ಬಸ್ಸಿನ ವಿಷಯ ಮುಗಿದಿತ್ತು.

ಮೇಜಿನ ಹಿಂದಿದ್ದ ಯುವತಿ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಎಳೆದಿದ್ದ ಗೆರೆ ತೋರಿಸಿ, ಎರಡು ಸಲ ಕೂಗಿದೆವು ಎಂದಳು. ಧೂಳು ಹಿಡಿದ ನನ್ನ ಚಪ್ಪಲಿ, ಬೆವರಿದ ಮುಖ ನೋಡಿ ಅವಳಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿರಬೇಕು. ನೀರಿನ ಬಾಟಲಿ ಮುಂದೆ ಸರಿಸಿ, ಮರುಕದಿಂದಲೇ ಕೇಳಿದಳು:

"ಪಾರ್ಕಿಂಗ್ ಸಿಗಲಿಲ್ಲವೇ?"